ಟಿವಿಯ ಕೆಳಗಿನ ಪುಟ್ಟ ಕಂಪ್ಯೂಟರಿಗೆ ಎಂಥ ಮದರ್‌ಬೋರ್ಡ್ ಬೇಕು?

ಸಿನಿಮಾ, ಸಂಗೀತ ಮತ್ತು ಮನೆಯ ವಿಡಿಯೊಗಳಿಗೆಂದೇ ಟಿವಿಯ ಕೆಳಗೆ ಇಡುವ ಸಣ್ಣ ಕಂಪ್ಯೂಟರಿಗೆ ಹೋಮ್ ಥಿಯೇಟರ್ ಪಿಸಿ ಎಂಬ ಹೆಸರು ರೂಢಿಯಲ್ಲಿದೆ. ಬಿಡಿಭಾಗಗಳನ್ನು ಕೊಂಡು ಇದನ್ನು ತಾವೇ ಜೋಡಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಪ್ರೊಸೆಸರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅನಂತರ ಅದಕ್ಕೆ ಒಪ್ಪುವ ಮದರ್‌ಬೋರ್ಡುಗಳ ಪೈಕಿ ಚಿಪ್‌ಸೆಟ್ಟಿನ (ಬೋರ್ಡಿನ ಸಂಪರ್ಕಗಳನ್ನು ನಿರ್ವಹಿಸುವ ಚಿಪ್ಪಿನ) ದರ್ಜೆಯನ್ನೂ ಬೆಲೆಯನ್ನೂ ನೋಡಿ ಒಂದನ್ನು ಕೊಳ್ಳುತ್ತಾರೆ. ಆಟಗಳಿಗೋ ವಿಡಿಯೊ ಸಂಕಲನಕ್ಕೋ ಕಟ್ಟುವ ದೊಡ್ಡ ಯಂತ್ರಕ್ಕೆ ಈ ಕ್ರಮ ಸರಿಹೋಗುತ್ತದೆ. ಟಿವಿಯ ಕೆಳಗಿನ ಯಂತ್ರಕ್ಕೂ ಇದೇ ಕ್ರಮವನ್ನು ಹಿಡಿದರೆ, ಎಂದೂ ಬಳಸದ ಸೌಲಭ್ಯಗಳಿಗೆ ಹಣ ತೆತ್ತು, ನಿತ್ಯ ಬೇಕಾಗುವ ಒಂದೆರಡು ಸೌಲಭ್ಯಗಳೇ ಇಲ್ಲದ ಬೋರ್ಡನ್ನು ಮನೆಗೆ ತರುವ ಸಂಭವವೇ ಹೆಚ್ಚು.

ಇದಕ್ಕೆ ಕಾರಣ ಈ ಯಂತ್ರದ ಕೆಲಸದ ಸ್ವರೂಪದಲ್ಲಿದೆ. ಸಂಕುಚಿತ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಕೆಲಸವನ್ನು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಅದಕ್ಕೆಂದೇ ರೂಪಿಸಿದ ಒಂದು ಸರ್ಕ್ಯೂಟ್ ಮಾಡುತ್ತದೆ. ಧ್ವನಿಯೂ ಬಹುತೇಕ ಚಿತ್ರವನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನಲ್ಲೇ ಡಿಜಿಟಲ್ ರೂಪದಲ್ಲಿ ಹೊರಗೆ ಹೋಗುತ್ತದೆ. ಮದರ್‌ಬೋರ್ಡಿಗೆ ಉಳಿಯುವ ಹೊಣೆಯೆಂದರೆ ಆ ಸಂಕೇತವನ್ನು ಕುಂದಿಲ್ಲದೆ ಟಿವಿಗೆ ತಲುಪಿಸುವುದು, ಕೊಟ್ಟ ಜಾಗದಲ್ಲಿ ಹಿಡಿಸುವುದು, ಸದ್ದಿಲ್ಲದೆ ತಣ್ಣಗಿರುವುದು ಮತ್ತು ರಿಮೋಟ್ ಒತ್ತಿದಾಗ ಎಚ್ಚರಗೊಳ್ಳುವುದು. ಇವುಗಳಲ್ಲಿ ಒಂದೂ ಚಿಪ್‌ಸೆಟ್ಟಿನ ಹೆಸರಿನಿಂದ ತಿಳಿಯುವಂಥದ್ದಲ್ಲ. ಹಾಗಾಗಿ ಈ ಆಯ್ಕೆಯನ್ನು ಟಿವಿಯ ಕಡೆಯಿಂದ, ಅಂದರೆ ಬೋರ್ಡಿನ ಹಿಂಬದಿಯ ಪೋರ್ಟುಗಳಿಂದ ಆರಂಭಿಸಿ ಒಳಗೆ ಬರುವುದು ಸೂಕ್ತ ಎಂಬುದು ಈ ಲೇಖನದ ನಿಲುವು.

ಜಾಗ ಎಷ್ಟಿದೆ, ಬೋರ್ಡ್ ಎಷ್ಟು ದೊಡ್ಡದು

ಮೊದಲು ಟಿವಿ ಶೋಕೇಸಿನ ಖಾನೆಯ ಅಗಲ, ಎತ್ತರ, ಆಳಗಳನ್ನು ಟೇಪು ಹಿಡಿದು ಅಳೆಯಬೇಕು. ಹಿಂಬದಿಯಲ್ಲಿ ದಪ್ಪನೆಯ ಎಚ್‌ಡಿಎಂಐ ಕೇಬಲ್ ಬಾಗುವುದಕ್ಕೂ ಬಿಸಿ ಗಾಳಿ ಹೊರಹೋಗುವುದಕ್ಕೂ ಕೆಲವು ಸೆಂಟಿಮೀಟರು ಬಿಡಬೇಕಾಗುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ಮರೆಯಬಾರದು. ಉಳಿದ ಜಾಗಕ್ಕೆ ಯಾವ ಕ್ಯಾಬಿನೆಟ್ ಹಿಡಿಸುತ್ತದೆಯೋ ಅದು ಬೋರ್ಡಿನ ಅಳತೆಯನ್ನು ತಾನಾಗಿ ನಿರ್ಧರಿಸುತ್ತದೆ.

ಸಣ್ಣ ಯಂತ್ರಗಳ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಿನಿ-ಐಟಿಎಕ್ಸ್ ಎಂಬ ಅಳತೆ. ತೈವಾನಿನ ವಯಾ ಟೆಕ್ನಾಲಜೀಸ್ 2001ರಲ್ಲಿ ರೂಪಿಸಿದ ಈ ಅಳತೆಯ ಬೋರ್ಡು 170 ಮಿ.ಮೀ. ಉದ್ದ, ಅಷ್ಟೇ ಅಗಲ ಇರುತ್ತದೆ. ಇದರಲ್ಲಿ ಹೆಚ್ಚುವರಿ ಕಾರ್ಡ್ ಕೂರಿಸುವ ಒಂದೇ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಸಾಮಾನ್ಯವಾಗಿ ಎರಡು ರ‍್ಯಾಮ್ ಸ್ಲಾಟ್ ಇರುತ್ತವೆ. ಸ್ಕ್ರೂ ಹಾಕುವ ನಾಲ್ಕು ರಂಧ್ರಗಳು ದೊಡ್ಡ ಎಟಿಎಕ್ಸ್ ಬೋರ್ಡಿನ ರಂಧ್ರಗಳಿಗೇ ಹೊಂದುವುದರಿಂದ, ಇದನ್ನು ಮಾಮೂಲಿ ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರಿಸಬಹುದು. ಅದಕ್ಕಿಂತ ಮುಂದಿನ ಹಂತ 244 ಮಿ.ಮೀ. ಚೌಕದ ಮೈಕ್ರೊ-ಎಟಿಎಕ್ಸ್. ಇದರಲ್ಲಿ ಗರಿಷ್ಠ ನಾಲ್ಕು ವಿಸ್ತರಣಾ ಸ್ಲಾಟುಗಳಿಗೆ ಜಾಗವಿದೆ.

ಪುಟ್ಟ ಯಂತ್ರ ಎಂದೊಡನೆ ಮಿನಿ-ಐಟಿಎಕ್ಸ್ ಎಂದೇ ಹಟ ಹಿಡಿಯುವುದು ಒಂದು ಬಗೆಯ ಫ್ಯಾಷನ್ ಆಗಿಬಿಟ್ಟಿದೆ. ಅಷ್ಟೇ ಸೌಲಭ್ಯವನ್ನು ಕಿರಿದಾದ ಜಾಗದಲ್ಲಿ ಅಡಕ ಮಾಡಬೇಕಾದ್ದರಿಂದ ಮತ್ತು ಮಾರಾಟದ ಪ್ರಮಾಣ ಕಡಿಮೆಯಾದ್ದರಿಂದ, ಒಂದೇ ಚಿಪ್‌ಸೆಟ್ ಇರುವ ಎರಡು ಬೋರ್ಡುಗಳಲ್ಲಿ ಸಣ್ಣದಕ್ಕೇ ಹೆಚ್ಚು ಬೆಲೆ ಇರುವುದು ಸಾಮಾನ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೈಕ್ರೊ-ಎಟಿಎಕ್ಸ್ ಬೋರ್ಡುಗಳು ಕಪಾಟಿನಲ್ಲೇ ಸಿಗುತ್ತವೆ; ಮಿನಿ-ಐಟಿಎಕ್ಸ್ ಬೋರ್ಡನ್ನು ಹಲವು ಸಲ ಹೇಳಿ ತರಿಸಬೇಕಾಗುತ್ತದೆ. ಹಳೆಯ ವಿಸಿಆರ್‌ನಂತೆ ಅಡ್ಡಲಾಗಿ ಮಲಗುವ ಕ್ಯಾಬಿನೆಟ್‌ಗಳಲ್ಲಿ ಬಹಳಷ್ಟು ಮೈಕ್ರೊ-ಎಟಿಎಕ್ಸ್ ಬೋರ್ಡನ್ನು ಸ್ವೀಕರಿಸುತ್ತವೆ. ಖಾನೆಯಲ್ಲಿ ಜಾಗವಿದ್ದವರು ಆ ದಾರಿ ಹಿಡಿದು, ಉಳಿದ ಹಣವನ್ನು ಒಳ್ಳೆಯ ಕೂಲರಿಗೋ ದೊಡ್ಡ ಎಸ್‌ಎಸ್‌ಡಿಗೋ ಹಾಕುವುದೇ ವಿವೇಕ.

ಇನ್ನೊಂದು ತುದಿಯಲ್ಲಿ ಥಿನ್ ಮಿನಿ-ಐಟಿಎಕ್ಸ್ ಇದೆ. ಉದ್ದ ಅಗಲ ಅದೇ 170 ಮಿ.ಮೀ. ಆದರೂ ಹಿಂಬದಿಯ ಪೋರ್ಟುಗಳ ಸಾಲಿನ ಎತ್ತರವನ್ನು ಸುಮಾರು 25 ಮಿ.ಮೀ.ಗೆ ಇಳಿಸಿ, ಲ್ಯಾಪ್‌ಟಾಪಿನ ರ‍್ಯಾಮನ್ನು ಮಲಗಿಸಿ ಕೂರಿಸಿ, ಹೊರಗಿನ 19 ವೋಲ್ಟ್ ಅಡಾಪ್ಟರಿನಿಂದಲೇ ವಿದ್ಯುತ್ ಪಡೆಯುವಂತೆ ಇದನ್ನು ವಿನ್ಯಾಸಗೊಳಿಸಲಾಗಿದೆ. ಟಿವಿಯ ಬೆನ್ನಿಗೇ ಬಿಗಿಯುವಷ್ಟು ತೆಳ್ಳನೆಯ ಪೆಟ್ಟಿಗೆ ಬೇಕಾದವರಿಗೆ ಇದು ಸರಿ. ಇಂಥ ಬೋರ್ಡುಗಳು ಹೆಚ್ಚಾಗಿ ಕೈಗಾರಿಕಾ ಬಳಕೆಗೆ ಮಾರಾಟವಾಗುವುದರಿಂದ ಚಿಲ್ಲರೆ ಅಂಗಡಿಯಲ್ಲಿ ಸುಲಭವಾಗಿ ಕಾಣಸಿಗುವುದಿಲ್ಲ.

ಎಚ್‌ಡಿಎಂಐ ಪೋರ್ಟ್: ಆವೃತ್ತಿಯ ಸಂಖ್ಯೆಯನ್ನಲ್ಲ, ಹರ್ಟ್ಸ್ ಸಂಖ್ಯೆಯನ್ನು ಓದಿ

ಹೋಮ್ ಥಿಯೇಟರ್ ಪಿಸಿಯ ಬೋರ್ಡಿನಲ್ಲಿ ಅತ್ಯಂತ ಮುಖ್ಯವಾದ ಭಾಗ ಹಿಂಬದಿಯ ಎಚ್‌ಡಿಎಂಐ ಪೋರ್ಟ್. ಹೊರನೋಟಕ್ಕೆ ಎಲ್ಲ ಎಚ್‌ಡಿಎಂಐ ಪೋರ್ಟುಗಳೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಅವುಗಳ ಸಾಮರ್ಥ್ಯದಲ್ಲಿ ಬಹಳ ಅಂತರವಿದೆ. 1.4ನೇ ಆವೃತ್ತಿಯ ಪೋರ್ಟು ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸಬಲ್ಲದು. ಅದರಿಂದ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಲು ಸಾಧ್ಯ. 2013ರಲ್ಲಿ ಬಂದ 2.0ನೇ ಆವೃತ್ತಿ ಅದನ್ನು 18 ಗಿಗಾಬಿಟ್‌ಗೆ ಏರಿಸಿ 4ಕೆ 60 ಹರ್ಟ್ಸ್ ಅನ್ನು, ಅಂದರೆ ಸೆಕೆಂಡಿಗೆ 60 ಸಲ ಕಳುಹಿಸುವುದನ್ನು, ಸಾಧ್ಯವಾಗಿಸಿತು; ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರಕ್ಕೆ ಬೇಕಾದ ಮಾಹಿತಿಯನ್ನು ಸಾಗಿಸುವ ಏರ್ಪಾಡು 2015ರ 2.0ಎ ಆವೃತ್ತಿಯಲ್ಲಿ ಸೇರಿತು. 2017ರ 2.1ನೇ ಆವೃತ್ತಿಯ ಮಿತಿ 48 ಗಿಗಾಬಿಟ್.

ಸಿನಿಮಾಗಳು ಸೆಕೆಂಡಿಗೆ 24 ಫ್ರೇಮಿನವಾದ್ದರಿಂದ 30 ಹರ್ಟ್ಸ್ ಸಾಲದೇ ಎಂಬ ಪ್ರಶ್ನೆ ಏಳಬಹುದು. ಸಾಲದು. 30 ಹರ್ಟ್ಸ್‌ನಲ್ಲಿ ಮೌಸಿನ ಬಾಣದಿಂದ ಹಿಡಿದು ಮೆನುವಿನ ಚಲನೆಯವರೆಗೆ ಎಲ್ಲವೂ ಕುಂಟುತ್ತದೆ. ಭಾರತದ ಟಿವಿ ಪ್ರಸಾರ 50 ಹರ್ಟ್ಸ್ ಲೆಕ್ಕದ್ದಾದ್ದರಿಂದ ಕ್ರಿಕೆಟ್ ನೋಡುವಾಗ ಈ ಕೊರತೆ ಎದ್ದು ಕಾಣುತ್ತದೆ. ಎಚ್‌ಡಿಆರ್ ಅಂತೂ 1.4ರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ 4ಕೆ ಟಿವಿ ಇರುವ ಮನೆಗೆ 2.0 ಮಟ್ಟದ ಪೋರ್ಟು ಕನಿಷ್ಠ ಅಗತ್ಯ. ಈ ಮಟ್ಟದಲ್ಲೂ ಒಂದು ಮಿತಿ ಇದೆ: 4ಕೆ 60 ಹರ್ಟ್ಸ್‌ನಲ್ಲಿ 10 ಬಿಟ್ ಬಣ್ಣವನ್ನು ಪೂರ್ಣ ವಿವರದೊಡನೆ ಕಳುಹಿಸಲು 22 ಗಿಗಾಬಿಟ್‌ಗೂ ಹೆಚ್ಚು ಬೇಕಾಗುವುದರಿಂದ, ಬಣ್ಣದ ವಿವರವನ್ನು ಅರ್ಧಕ್ಕಿಳಿಸಿ ಕಳುಹಿಸಬೇಕಾಗುತ್ತದೆ. ಸಿನಿಮಾಗಳ ಬಣ್ಣದ ವಿವರ ಮೂಲದಲ್ಲೇ ಅದಕ್ಕಿಂತ ಕಡಿಮೆ ಇರುವುದರಿಂದಲೂ, 24 ಹರ್ಟ್ಸ್‌ಗೆ ಇಳಿದಾಗ ಎಲ್ಲವೂ 18 ಗಿಗಾಬಿಟ್ ಒಳಗೇ ಹಿಡಿಸುವುದರಿಂದಲೂ, ನೋಡುಗನಿಗೆ ಇದರಿಂದ ನಷ್ಟವಿಲ್ಲ. 4ಕೆ 120 ಹರ್ಟ್ಸ್‌ನಲ್ಲಿ ಆಟವಾಡುವವರಿಗೆ ಮಾತ್ರ ನಿಜವಾದ 2.1 ಬೇಕು, ಅವರು ಹೇಗೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಪೋರ್ಟನ್ನೇ ಬಳಸುತ್ತಾರೆ.

ಪೆಟ್ಟಿಗೆಯ ಮೇಲಿನ ಆವೃತ್ತಿಯ ಸಂಖ್ಯೆಯನ್ನು ನಂಬುವಂತಿಲ್ಲ ಎಂಬುದು ಇಲ್ಲಿಯ ದೊಡ್ಡ ತೊಡಕು. 2.1ರ ಹೆಚ್ಚಿನ ಸೌಲಭ್ಯಗಳೆಲ್ಲ ಐಚ್ಛಿಕವಾದ್ದರಿಂದ, 2.0 ಮಟ್ಟದ ವೇಗವಷ್ಟೇ ಇರುವ ಪೋರ್ಟಿಗೂ 2.1 ಎಂಬ ಹೆಸರು ಹಾಕಲು ನಿಯಮದಲ್ಲೇ ಅವಕಾಶವಿದೆ. ತಯಾರಕರ ಜಾಲತಾಣದಲ್ಲಿ ಬೋರ್ಡಿನ ತಾಂತ್ರಿಕ ವಿವರಗಳ ಪುಟ ತೆರೆದು, ಎಚ್‌ಡಿಎಂಐ ಎಂದಿರುವ ಸಾಲಿನಲ್ಲಿ ‘4096×2160, 60 ಹರ್ಟ್ಸ್’ ಎಂದಿದೆಯೋ ‘30 ಹರ್ಟ್ಸ್’ ಎಂದಿದೆಯೋ ನೋಡುವುದೇ ಖಚಿತವಾದ ಪರೀಕ್ಷೆ. ಅಗ್ಗದ ಬೋರ್ಡುಗಳಲ್ಲಿ, ಪ್ರೊಸೆಸರ್ 60 ಹರ್ಟ್ಸ್ ಕೊಡಬಲ್ಲದಾದರೂ ಪೋರ್ಟು 30ಕ್ಕೇ ನಿಲ್ಲುವ ಉದಾಹರಣೆಗಳಿವೆ.

ಹಳೆಯ ಬೋರ್ಡನ್ನು ಕಡಿಮೆ ಬೆಲೆಗೆ ಕೊಳ್ಳುವವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ಇಂಟೆಲ್‌ನ 10ನೇ ಪೀಳಿಗೆಯವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ನೇರವಾಗಿ ಕೊಡುತ್ತಿದ್ದುದು 1.4 ಮಟ್ಟದ ಎಚ್‌ಡಿಎಂಐ ಮಾತ್ರ. 2.0 ಬೇಕೆಂದರೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಚಿತ್ರ ಸಂಕೇತವನ್ನು ಪರಿವರ್ತಿಸುವ ಒಂದು ಹೆಚ್ಚುವರಿ ಚಿಪ್ಪನ್ನು ಬೋರ್ಡಿನ ತಯಾರಕರು ಕೂರಿಸಬೇಕಿತ್ತು, ಹಾಗೆ ಕೂರಿಸಿದವರು ಕೆಲವರೇ. 11ನೇ ಪೀಳಿಗೆಯಿಂದ ಈ ತೊಂದರೆ ನೀಗಿದೆ. ಹೀಗಾಗಿ ಎಚ್510 ಚಿಪ್‌ಸೆಟ್ಟಿನ ಒಂದೇ ಬೋರ್ಡಿನಲ್ಲಿ 10ನೇ ಪೀಳಿಗೆಯ ಪ್ರೊಸೆಸರ್ ಹಾಕಿದರೆ 30 ಹರ್ಟ್ಸ್, 11ನೇ ಪೀಳಿಗೆಯದನ್ನು ಹಾಕಿದರೆ 60 ಹರ್ಟ್ಸ್ ಸಿಗುವ ವಿಚಿತ್ರವೂ ಉಂಟು. ಎಎಂಡಿಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡಿನ) ಆರಂಭದ ಎ320, ಬಿ350 ಬೋರ್ಡುಗಳಲ್ಲೂ 1.4 ಪೋರ್ಟು ಹಲವೆಡೆ ಕಾಣುತ್ತದೆ.

ಲಿನಕ್ಸ್‌ನಲ್ಲಿ ಕೋಡಿ ಎಂಬ ಸಿನಿಮಾ-ಸಂಗೀತದ ತಂತ್ರಾಂಶ ಬಳಸುವವರು ಇನ್ನೊಂದನ್ನು ತಿಳಿದಿರುವುದು ಒಳ್ಳೆಯದು. ಲಿನಕ್ಸಿನ ಮುಕ್ತ ತಂತ್ರಾಂಶದ ಗ್ರಾಫಿಕ್ಸ್ ಚಾಲಕದಲ್ಲಿ (ಡ್ರೈವರಿನಲ್ಲಿ) 2.1ರ ಪೂರ್ಣ ವೇಗವನ್ನು ಸೇರಿಸುವ ಎಎಂಡಿಯ ಪ್ರಸ್ತಾವವನ್ನು, ಈ ಪೋರ್ಟಿನ ನಿಯಮಗಳನ್ನು ರೂಪಿಸುವ ಎಚ್‌ಡಿಎಂಐ ಫೋರಂ 2024ರ ಆರಂಭದಲ್ಲಿ ತಿರಸ್ಕರಿಸಿತು. ಸಿನಿಮಾ ನೋಡುವುದಕ್ಕೆ 2.0 ಸಾಕಾಗುವುದರಿಂದ ಇದು ಎದೆಗುಂದಿಸುವ ಸಂಗತಿಯಲ್ಲ. ಆದರೆ 2.1 ಎಂಬ ಹೆಸರಿಗಾಗಿ ಹೆಚ್ಚು ಹಣ ಕೊಡಲು ಹೊರಟವರಿಗೆ ಯೋಚಿಸಲು ಇದೊಂದು ಕಾರಣ.

ಚಿತ್ರ ಹೋಗುವುದರ ಜೊತೆಗೆ ಹೋಗಲು ಅನುಮತಿಯೂ ಬೇಕು. ಒಟಿಟಿ ಸೇವೆಗಳ 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ವ್ಯವಸ್ಥೆ ಪ್ರೊಸೆಸರಿನಿಂದ ಟಿವಿಯವರೆಗಿನ ಸರಪಳಿಯ ಪ್ರತಿ ಕೊಂಡಿಯಲ್ಲೂ ಇರಬೇಕು. ಅದಿದ್ದರೂ ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರವನ್ನು ವಿಂಡೋಸ್‌ನಲ್ಲಿ ಎಜ್ ಬ್ರೌಸರಿಗೆ ಅಥವಾ ತನ್ನದೇ ಆ್ಯಪಿಗೆ ಕೊಡುತ್ತದೆಯೇ ಹೊರತು ಲಿನಕ್ಸಿನ ಬ್ರೌಸರಿಗೆ ಕೊಡುವುದಿಲ್ಲ. 4ಕೆ ಬ್ಲೂ-ರೇ ಡಿಸ್ಕಿನ ಕಥೆ ಇನ್ನೂ ಕಷ್ಟದ್ದು. ಅದನ್ನು ಪಿಸಿಯಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಕಡ್ಡಾಯವಾಗಿತ್ತು, ಮತ್ತು 11ನೇ ಪೀಳಿಗೆಯಿಂದೀಚೆಗೆ ಡೆಸ್ಕ್‌ಟಾಪ್ ಪ್ರೊಸೆಸರುಗಳಿಂದ ಇಂಟೆಲ್ ಅದನ್ನೇ ತೆಗೆದುಹಾಕಿತು; ಎಎಂಡಿಯಲ್ಲಿ ಅದು ಯಾವತ್ತೂ ಇರಲಿಲ್ಲ. ಅಂದರೆ ಇಂದಿನ ಯಾವ ಹೊಸ ಬೋರ್ಡೂ ಈ ಕೆಲಸಕ್ಕೆ ಅಧಿಕೃತ ಮಾರ್ಗವಾಗದು. ಬರೀ ಒಟಿಟಿ ನೋಡುವುದಷ್ಟೇ ಉದ್ದೇಶವಾಗಿದ್ದರೆ ಪಿಸಿ ಕಟ್ಟುವ ಬದಲು ಟಿವಿಗೆ ಚುಚ್ಚುವ ಸ್ಟಿಕ್ ಕೊಳ್ಳುವುದೇ ಮೇಲು ಎಂದು ನಿಷ್ಠುರವಾಗಿ ಹೇಳಬೇಕಾಗುತ್ತದೆ. ಸ್ವಂತ ಸಿನಿಮಾ ಸಂಗ್ರಹ, ಮನೆಯ ವಿಡಿಯೊ, ಸಂಗೀತದ ಭಂಡಾರ, ನಡುನಡುವೆ ಬ್ರೌಸರು ಮತ್ತು ಆಟ ಇವೆಲ್ಲ ಒಂದೇ ಕಡೆ ಬೇಕೆನ್ನುವವರಿಗೇ ಈ ಶ್ರಮ ಸಾರ್ಥಕ.

ಪ್ರೊಸೆಸರ್ ಮತ್ತು ಸಾಕೆಟ್

ವಿಡಿಯೊ ಬಿಡಿಸುವ ಸರ್ಕ್ಯೂಟ್ ಪ್ರೊಸೆಸರಿನಲ್ಲಿ ಇರುವುದರಿಂದ, ಸಾಕೆಟ್ಟಿನ ಆಯ್ಕೆ ಎಂದರೆ ಯಾವ ಯಾವ ವಿಡಿಯೊ ಕೋಡೆಕ್‌ಗಳು (ವಿಡಿಯೊವನ್ನು ಸಂಕುಚಿಸುವ ವಿಧಾನಗಳು) ಸಲೀಸಾಗಿ ಓಡಬೇಕು ಎಂಬುದರ ಆಯ್ಕೆ. 4ಕೆ ಎಚ್‌ಡಿಆರ್ ಸಿನಿಮಾಗಳಲ್ಲಿ ಬಳಕೆಯಾಗುವ 10 ಬಿಟ್ ಎಚ್‌ಇವಿಸಿಯನ್ನು ಇಂಟೆಲ್‌ನ 7ನೇ ಪೀಳಿಗೆಯಿಂದ ಮುಂದಿನವೆಲ್ಲ ನಿಭಾಯಿಸುತ್ತವೆ. ಯೂಟ್ಯೂಬ್ ಮತ್ತಿತರ ಸೇವೆಗಳು ಹೆಚ್ಚೆಚ್ಚು ಬಳಸುತ್ತಿರುವ ಎವಿ1 ಮಾತ್ರ ಇಂಟೆಲ್‌ನಲ್ಲಿ 11ನೇ ಪೀಳಿಗೆಯಿಂದ, ಎಎಂಡಿ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಎಎಂ5 ಸಾಕೆಟ್ಟಿನ ರೈಜೆನ್ 7000 ಸರಣಿಯಿಂದ ಬಂದಿದೆ. ಎಎಂ4ರ ರೈಜೆನ್ 5 5600ಜಿ ಇಂದಿಗೂ ಜನಪ್ರಿಯ ಹಾಗೂ ಅಗ್ಗ, ಆದರೆ ಎವಿ1 ಅನ್ನು ಅದು ಬರೀ ತಂತ್ರಾಂಶದ ಬಲದಿಂದಲೇ ಬಿಡಿಸಬೇಕು. ಆಗ ಬಿಸಿಯೂ ಫ್ಯಾನಿನ ಸದ್ದೂ ಏರುತ್ತವೆ.

ಹೆಸರಿನ ಕೊನೆಯ ಅಕ್ಷರವನ್ನೂ ಗಮನಿಸಬೇಕು. ಇಂಟೆಲ್‌ನಲ್ಲಾಗಲಿ ಎಎಂಡಿಯಲ್ಲಾಗಲಿ ‘ಎಫ್’ ಎಂದು ಕೊನೆಯಾಗುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಎಎಂ4ರಲ್ಲಿ ‘ಜಿ’ ಇಲ್ಲದ ರೈಜೆನ್ 5000 ಸರಣಿಯದೂ ಅದೇ ಪಾಡು. ಇವುಗಳನ್ನು ಹಾಕಿದರೆ ಬೋರ್ಡಿನ ಎಚ್‌ಡಿಎಂಐ ಪೋರ್ಟು ಎಷ್ಟೇ ಒಳ್ಳೆಯದಾಗಿದ್ದರೂ ಅದರಿಂದ ಚಿತ್ರ ಬರುವುದಿಲ್ಲ. ಅಂಗಡಿಯಾತ ಸ್ವಲ್ಪ ಅಗ್ಗಕ್ಕೆ ‘ಎಫ್’ ಮಾದರಿಯನ್ನು ಮುಂದಿಟ್ಟಾಗ ಒಪ್ಪಿಕೊಳ್ಳಬಾರದು.

ಬರೀ ಸಿನಿಮಾ ನೋಡುವುದಾದರೆ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುವ ಮಾದರಿಗಳು ಬಹಳ ಆಕರ್ಷಕ. 2023ರ ಜನವರಿಯಲ್ಲಿ ಬಂದ ಇಂಟೆಲ್ ಎನ್100 ಕೇವಲ 6 ವಾಟ್ ದರ್ಜೆಯದು. ನಾಲ್ಕು ಸಣ್ಣ ಕೋರ್‌ಗಳಿರುವ ಇದು ಎಚ್‌ಇವಿಸಿ, ಎವಿ1 ಎರಡನ್ನೂ ಯಂತ್ರಾಂಶದಲ್ಲೇ ಬಿಡಿಸುತ್ತದೆ ಮತ್ತು 4ಕೆ 60 ಹರ್ಟ್ಸ್ ಕೊಡುತ್ತದೆ. ಏಸಸ್‌ನ ಪ್ರೈಮ್ ಎನ್100ಐ-ಡಿ ಡಿ4 ಮತ್ತು ಎಎಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್ ಇಂಥ ಎರಡು ಮಿನಿ-ಐಟಿಎಕ್ಸ್ ಬೋರ್ಡುಗಳು. ಎರಡರಲ್ಲೂ ಫ್ಯಾನ್ ಇಲ್ಲದ ಹೀಟ್‌ಸಿಂಕ್ ಇದೆ. ಮೊದಲನೆಯದಕ್ಕೆ ಕ್ಯಾಬಿನೆಟ್ಟಿನೊಳಗೆ ಕೂರುವ ಮಾಮೂಲಿ ವಿದ್ಯುತ್ ಪೆಟ್ಟಿಗೆ (ಎಸ್‌ಎಂಪಿಎಸ್) ಬೇಕು, ಎರಡನೆಯದಕ್ಕೆ ಲ್ಯಾಪ್‌ಟಾಪಿನಂಥ 19 ವೋಲ್ಟ್ ಅಡಾಪ್ಟರ್ ಸಾಕು. ಕೊರತೆಯೂ ಇದೆ: ಎನ್100 ಒಂದೇ ಚಾನೆಲ್ಲಿನ ರ‍್ಯಾಮ್ ಬಳಸುತ್ತದೆ, ಆಟಗಳಿಗೆ ಅದರ ಬಲ ಸಾಲದು, ಮತ್ತು ಬೆಸೆದ ಪ್ರೊಸೆಸರನ್ನು ಮುಂದೆಂದೂ ಬದಲಿಸಲಾಗದು. ಟಿವಿಯಲ್ಲಿ ಆಟವನ್ನೂ ಆಡಬೇಕೆನ್ನುವವರಿಗೆ ಎಎಂ5 ಬೋರ್ಡಿನಲ್ಲಿ ರೈಜೆನ್ 5 8600ಜಿ ಅಥವಾ ರೈಜೆನ್ 7 8700ಜಿ ಸೂಕ್ತ. ಇವುಗಳ ಗ್ರಾಫಿಕ್ಸ್ ಬಲ ರ‍್ಯಾಮಿನ ವೇಗವನ್ನೇ ನೆಚ್ಚಿಕೊಂಡಿರುವುದರಿಂದ ಒಂದರ ಬದಲು ಎರಡು ರ‍್ಯಾಮ್ ಹಾಕಲೇಬೇಕು. ಅದೇ ಸರಣಿಯ 8500ಜಿ ಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳು (ದತ್ತಾಂಶದ ಹಾದಿಗಳು) ಕಡಿಮೆ ಇರುವುದರಿಂದ ಕೆಲವು ಬೋರ್ಡುಗಳಲ್ಲಿ ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟೇ ನಿಷ್ಕ್ರಿಯವಾಗುತ್ತದೆ. ಈ ಸಂಗತಿ ತಯಾರಕರ ಪುಟದ ಅಡಿಟಿಪ್ಪಣಿಯಲ್ಲಿ ಮಾತ್ರ ಸಿಗುತ್ತದೆ.

ಇಷ್ಟರ ಮೇಲೆ ಚಿಪ್‌ಸೆಟ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಇಂಟೆಲ್‌ನ 12ರಿಂದ 14ನೇ ಪೀಳಿಗೆಗೆ ಎಚ್610 ಅಥವಾ ಬಿ760, ಎಎಂಡಿಯಲ್ಲಿ ಎ620 ಅಥವಾ ಬಿ650 ಈ ಕೆಲಸಕ್ಕೆ ಧಾರಾಳ. ಪ್ರೊಸೆಸರಿನ ವೇಗವನ್ನು ಮಿತಿ ಮೀರಿ ಏರಿಸುವ ಸೌಲಭ್ಯವಿರುವ ಝಡ್ ಮತ್ತು ಎಕ್ಸ್ ಸರಣಿಗಳಿಗೆ ಟಿವಿಯ ಕೆಳಗೆ ಕೆಲಸವಿಲ್ಲ.

ಧ್ವನಿಯ ವಿಷಯ ಬೇಗ ಮುಗಿಯುತ್ತದೆ. ಸ್ಪೀಕರುಗಳನ್ನು ನಡೆಸುವ ಎವಿ ರಿಸೀವರಿಗೆ ಎಚ್‌ಡಿಎಂಐ ಮೂಲಕ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಧ್ವನಿ ಸಂಕೇತಗಳನ್ನು ಹಾಗೆಯೇ ದಾಟಿಸುವವರಿಗೆ ಬೋರ್ಡಿನ ಆಡಿಯೊ ಚಿಪ್ ಯಾವುದಾದರೂ ಒಂದೇ, ಏಕೆಂದರೆ ಧ್ವನಿ ಅದರ ಹತ್ತಿರವೂ ಸುಳಿಯುವುದಿಲ್ಲ. ಎಚ್‌ಡಿಎಂಐ ಇಲ್ಲದ ಹಳೆಯ ಆಂಪ್ಲಿಫೈಯರ್ ಇದ್ದವರು ಆಪ್ಟಿಕಲ್ ಪೋರ್ಟ್ ಇರುವ ಬೋರ್ಡನ್ನು ಹುಡುಕಬಹುದು. ಆದರೆ ಆ ದಾರಿಯಲ್ಲಿ ಸಾಗುವುದು ಸ್ಟೀರಿಯೊ ಅಥವಾ ಹಳೆಯ ಸಂಕುಚಿತ 5.1 ಧ್ವನಿ ಮಾತ್ರ.

ಬಿಸಿ, ಸದ್ದು, ವಿದ್ಯುತ್

ಸಣ್ಣ ಕ್ಯಾಬಿನೆಟ್ಟಿನಲ್ಲಿ ಕೂಲರಿನ ಎತ್ತರವೇ ನಿರ್ಣಾಯಕ. ಎಎಂಡಿ ಜೊತೆಗೆ ಕೊಡುವ ವ್ರೈತ್ ಸ್ಟೆಲ್ತ್ ಕೂಲರ್ 54 ಮಿ.ಮೀ. ಎತ್ತರವಿದೆ, ನಾಕ್ಟುವಾದ ಎನ್‌ಎಚ್-ಎಲ್9ಐ, ಎನ್‌ಎಚ್-ಎಲ್9ಎ ಮಾದರಿಗಳು 37 ಮಿ.ಮೀ.ಗೆ ಮುಗಿಯುತ್ತವೆ. ಇಂಥ ಅಡ್ಡ ಕೂಲರುಗಳು ಪ್ರೊಸೆಸರಿನ ಸುತ್ತಲೂ ಚಾಚಿಕೊಳ್ಳುವುದರಿಂದ, ಬೋರ್ಡಿನ ವೋಲ್ಟೇಜ್ ನಿಯಂತ್ರಕಗಳ ಮೇಲಿನ ಹೀಟ್‌ಸಿಂಕಿನ ಎತ್ತರವನ್ನೂ ರ‍್ಯಾಮಿನ ಎತ್ತರವನ್ನೂ ಮೊದಲೇ ನೋಡಿಕೊಳ್ಳಬೇಕು. ಅಲಂಕಾರದ ದೀಪವಿರುವ ಎತ್ತರದ ರ‍್ಯಾಮ್ ಇಲ್ಲಿ ಬರೀ ಅಡ್ಡಿ. ಎಲ್‌ಜಿಎ1700 ಸಾಕೆಟ್ಟಿನಲ್ಲಿ ಕೂಲರ್ ಬಿಗಿಯುವ ರಂಧ್ರಗಳ ಅಂತರ ಹಿಂದಿನ 75 ಮಿ.ಮೀ.ಯಿಂದ 78 ಮಿ.ಮೀ.ಗೆ ಬದಲಾಗಿದೆ, ಹಳೆಯ ಕೂಲರನ್ನೇ ಉಳಿಸಿಕೊಳ್ಳುವ ಆಸೆ ಇದ್ದರೆ ಹೊಸ ಕ್ಲಿಪ್ ಸಿಗುತ್ತದೆಯೇ ಎಂದು ವಿಚಾರಿಸಬೇಕು.

ಸದ್ದನ್ನು ಅಡಗಿಸುವುದು ಹೆಚ್ಚಾಗಿ ಬಯಾಸ್‌ನ, ಅಂದರೆ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶದ ಕೆಲಸ. 65 ವಾಟ್ ಎಂದು ಹೆಸರಿರುವ ಕೋರ್ ಐ5-12400 ಪೂರ್ಣ ವೇಗದಲ್ಲಿ 117 ವಾಟ್‌ವರೆಗೆ ಏರುತ್ತದೆ. ಇದಕ್ಕೆ ಕಡಿವಾಣ ಹಾಕಿ 45 ಅಥವಾ 35 ವಾಟ್‌ಗೆ ನಿಲ್ಲಿಸುವ ಆಯ್ಕೆ ಬಯಾಸ್‌ನಲ್ಲಿದ್ದರೆ, ಸಿನಿಮಾ ನೋಡುವಾಗ ಏನೂ ಕಡಿಮೆಯಾಗದೆ ಬಿಸಿ ಗಣನೀಯವಾಗಿ ಇಳಿಯುತ್ತದೆ. ಪ್ರೊಸೆಸರಿನ ಫ್ಯಾನ್ ಮಾತ್ರವಲ್ಲದೆ ಕ್ಯಾಬಿನೆಟ್ ಫ್ಯಾನಿಗೂ 4 ಪಿನ್ನಿನ ಸಂಪರ್ಕ ಇರಬೇಕು, ಉಷ್ಣತೆಗೆ ತಕ್ಕಂತೆ ಅವುಗಳ ವೇಗವನ್ನು ರೇಖೆ ಎಳೆದು ನಿಗದಿಪಡಿಸುವಂತಿರಬೇಕು. ಬೋರ್ಡಿನ ಕೈಪಿಡಿಯನ್ನು ಕೊಳ್ಳುವ ಮೊದಲೇ ಇಳಿಸಿಕೊಂಡು ಬಯಾಸ್ ಅಧ್ಯಾಯ ಓದಿದರೆ ಇದೆಲ್ಲ ತಿಳಿಯುತ್ತದೆ. ಕೊಳ್ಳುವವರಲ್ಲಿ ಬಹುಪಾಲು ಮಂದಿ ಅದನ್ನು ತೆರೆಯುವುದೇ ಇಲ್ಲ.

ಎಚ್ಚರಗೊಳ್ಳುವ ಕಲೆ

ಸೋಫಾದಿಂದ ಏಳದೆ ಯಂತ್ರವನ್ನು ಎಬ್ಬಿಸಲಾಗದಿದ್ದರೆ ಮನೆಯವರು ಅದನ್ನು ಬಳಸುವುದಿಲ್ಲ. ಟಿವಿ ಆನ್ ಆದೊಡನೆ ಜೊತೆಯ ಸಾಧನಗಳೂ ಆನ್ ಆಗುವಂತೆ ಮಾಡುವ ಎಚ್‌ಡಿಎಂಐನ ಸಿಇಸಿ ಸೌಲಭ್ಯ ರಾಸ್ಪ್‌ಬೆರಿ ಪೈನಂಥ ಪುಟ್ಟ ಸಾಧನದಲ್ಲೂ ಇದೆ. ಪಿಸಿಯ ಮದರ್‌ಬೋರ್ಡುಗಳಲ್ಲಿ ಮಾತ್ರ ಅದು ಬಹುತೇಕ ಇಲ್ಲ. ಪಲ್ಸ್-ಎಯ್ಟ್ ಕಂಪನಿಯ ಯುಎಸ್‌ಬಿ ಅಡಾಪ್ಟರನ್ನು ಎಚ್‌ಡಿಎಂಐ ಕೇಬಲ್ಲಿನ ನಡುವೆ ಸೇರಿಸಿ ಇದನ್ನು ಪಡೆಯಬಹುದು. ಅಗ್ಗದ ದಾರಿ ಯುಎಸ್‌ಬಿ ಇನ್‌ಫ್ರಾರೆಡ್ ರಿಸೀವರ್. ಫ್ಲರ್ಕ್ ಎಂಬುದು ಇವುಗಳಲ್ಲಿ ಹೆಸರಾದದ್ದು.

ಎರಡೂ ಉಪಾಯಗಳು ಒಂದೇ ಷರತ್ತಿನ ಮೇಲೆ ನಿಂತಿವೆ: ಯಂತ್ರ ಮಲಗಿದ್ದಾಗಲೂ ಬೋರ್ಡು ಯುಎಸ್‌ಬಿ ಪೋರ್ಟಿಗೆ ವಿದ್ಯುತ್ ಕೊಡುತ್ತಿರಬೇಕು ಮತ್ತು ಅಲ್ಲಿಂದ ಬರುವ ಸಂಕೇತಕ್ಕೆ ಎಚ್ಚರಗೊಳ್ಳಬೇಕು. ಯುರೋಪಿನ ವಿದ್ಯುತ್ ಉಳಿತಾಯದ ನಿಯಮಕ್ಕೆ ತಕ್ಕಂತೆ ಬಯಾಸ್‌ನಲ್ಲಿ ‘ಇಆರ್‌ಪಿ’ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಯಂತ್ರ ಆರಿದಾಗ ಯುಎಸ್‌ಬಿಗೂ ವಿದ್ಯುತ್ ನಿಲ್ಲುತ್ತದೆ, ರಿಮೋಟ್ ಎಷ್ಟು ಒತ್ತಿದರೂ ಫಲವಿಲ್ಲ. ಬೋರ್ಡೇ ಕೆಟ್ಟಿದೆ ಎಂದುಕೊಂಡು ಜನ ಅಂಗಡಿಗೆ ಮರಳಿಸುವ ಪ್ರಸಂಗಗಳಿಗೆ ಈ ಒಂದು ಆಯ್ಕೆ ಕಾರಣವಾಗುವುದುಂಟು.

ನಮ್ಮ ಕಡೆ ಕರೆಂಟ್ ಹೋಗಿಬರುವುದು ಸಾಮಾನ್ಯವಾದ್ದರಿಂದ, ವಿದ್ಯುತ್ ಮರಳಿದಾಗ ಯಂತ್ರ ಏನು ಮಾಡಬೇಕು ಎಂದು ಹೇಳುವ ಬಯಾಸ್ ಆಯ್ಕೆಯೂ ಮುಖ್ಯ. ಆರಿಯೇ ಇರುವುದು, ತಾನಾಗಿ ಆನ್ ಆಗುವುದು, ಮೊದಲಿದ್ದ ಸ್ಥಿತಿಗೆ ಮರಳುವುದು ಎಂಬ ಮೂರು ಆಯ್ಕೆಗಳು ಇದರಲ್ಲಿ ಸಾಮಾನ್ಯವಾಗಿ ಇರುತ್ತವೆ. ಮನೆಯ ಇತರ ಕೋಣೆಗಳಿಗೂ ಸಿನಿಮಾ ಹಂಚುವ ಸರ್ವರ್ ಆಗಿ ಯಂತ್ರವನ್ನು ಬಳಸುವವರಿಗೆ ಮೂರನೆಯದು ಅನುಕೂಲ.

ವೈರ್‌ಲೆಸ್ ಕೀಬೋರ್ಡ್ ಬಳಸುವವರು ಹಿಂಬದಿಯಲ್ಲಿ ಕನಿಷ್ಠ ಎರಡು ಯುಎಸ್‌ಬಿ 2.0 ಪೋರ್ಟ್ ಇರುವ ಬೋರ್ಡನ್ನು ಆರಿಸುವುದು ಲೇಸು. ಯುಎಸ್‌ಬಿ 3.0 ಪೋರ್ಟಿನಲ್ಲಿ ದತ್ತಾಂಶ ಹರಿಯುವಾಗ ಹೊಮ್ಮುವ ರೇಡಿಯೊ ಸದ್ದು ಇಂಥ ಕೀಬೋರ್ಡುಗಳು ಬಳಸುವ 2.4 ಗಿಗಾಹರ್ಟ್ಸ್ ವಲಯವನ್ನು ಕಲಕುತ್ತದೆ ಎಂದು ಇಂಟೆಲ್ 2012ರಲ್ಲೇ ದಾಖಲಿಸಿದೆ. ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಕೀಬೋರ್ಡಿನ ಡಾಂಗಲ್ ಚುಚ್ಚಿದರೆ ಅಕ್ಷರಗಳು ಬಿಟ್ಟುಹೋಗುವುದು ಇದೇ ಕಾರಣಕ್ಕೆ.

ಉಳಿದ ಸಂಪರ್ಕಗಳಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಹೆಚ್ಚಿಲ್ಲ. 4ಕೆ ಬ್ಲೂ-ರೇಯ ಗರಿಷ್ಠ ದರವೇ ಸೆಕೆಂಡಿಗೆ 128 ಮೆಗಾಬಿಟ್ ಆದ್ದರಿಂದ ಸಾಧಾರಣ ಗಿಗಾಬಿಟ್ ಈಥರ್ನೆಟ್ ಸಾಕು, 2.5 ಗಿಗಾಬಿಟ್ ಇದ್ದರೆ ದೊಡ್ಡ ಫೈಲುಗಳ ನಕಲು ಬೇಗ ಮುಗಿಯುತ್ತದೆ, ಅಷ್ಟೆ. ಲೋಹದ ಪೆಟ್ಟಿಗೆಯೊಳಗೆ ವೈ-ಫೈ ಸಂಕೇತ ಕುಗ್ಗುವುದರಿಂದ ಆಂಟೆನಾ ಹೊರಗೆ ಬರುವ ಬೋರ್ಡೇ ಬೇಕು. ವೈ-ಫೈ ಕಾರ್ಡನ್ನು ಆಮೇಲೆ ಹಾಕುವವರು, ಇಂಟೆಲ್‌ನ ಎಎಕ್ಸ್211 ಇಂಟೆಲ್ ಬೋರ್ಡಿನಲ್ಲಿ ಮಾತ್ರ ಓಡುತ್ತದೆ, ಎಎಕ್ಸ್210 ಇಂಟೆಲ್, ಎಎಂಡಿ ಎರಡರಲ್ಲೂ ಓಡುತ್ತದೆ ಎಂಬುದನ್ನು ನೆನಪಿಡಬೇಕು. ಹಾರ್ಡ್ ಡಿಸ್ಕುಗಳು ಹಲವಿದ್ದರೆ ಅವುಗಳನ್ನು ಜೋಡಿಸುವ ಸಾಟಾ ಪೋರ್ಟುಗಳನ್ನು ಎಣಿಸಬೇಕು, ಏಕೆಂದರೆ ಕೆಲವು ಮಿನಿ-ಐಟಿಎಕ್ಸ್ ಬೋರ್ಡುಗಳಲ್ಲಿ ಎರಡೇ ಇರುತ್ತವೆ, ಎಂ.2 ಸ್ಲಾಟ್ ತುಂಬಿದರೆ ಅವುಗಳಲ್ಲಿ ಒಂದು ನಿಲ್ಲುವುದೂ ಉಂಟು.

ಕೊಳ್ಳುವಾಗ

ಬೋರ್ಡು ಮತ್ತು ಪ್ರೊಸೆಸರ್ ಒಂದೇ ಸಾಕೆಟ್ಟಿನವಾದರೂ ಬಯಾಸ್ ಹಳೆಯದಾಗಿದ್ದರೆ ಯಂತ್ರ ಏಳುವುದಿಲ್ಲ. 2018ರ ಬಿ450 ಬೋರ್ಡಿಗೆ 2021ರ 5600ಜಿ ಹಾಕುವಾಗಲೂ, 2024ರ ಜನವರಿಗೆ ಮೊದಲು ತಯಾರಾದ ಎಎಂ5 ಬೋರ್ಡಿಗೆ 8600ಜಿ ಹಾಕುವಾಗಲೂ ಈ ಪ್ರಶ್ನೆ ಎದುರಾಗುತ್ತದೆ. ಪ್ರೊಸೆಸರ್ ಇಲ್ಲದೆಯೂ ಪೆನ್ ಡ್ರೈವಿನಿಂದ ಬಯಾಸ್ ನವೀಕರಿಸುವ ಗುಂಡಿ ಹಿಂಬದಿಯಲ್ಲಿರುವ ಬೋರ್ಡಾದರೆ ಚಿಂತೆಯಿಲ್ಲ. ಇಲ್ಲವಾದರೆ ಅಂಗಡಿಯಲ್ಲೇ ನವೀಕರಿಸಿ ಕೊಡುವಂತೆ ಕೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಬೋರ್ಡು ಕೊಳ್ಳುವವರು ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದೆಯೇ ಎಂದೂ ನೋಡಬೇಕಾಗುತ್ತದೆ. ಹೆಸರಿಲ್ಲದ ತಯಾರಕರ ಎನ್100 ಬೋರ್ಡುಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆಯಾದರೂ ಅವುಗಳಿಗೆ ಬಯಾಸ್ ನವೀಕರಣವಾಗಲಿ, ಇಲ್ಲಿಯ ಸೇವಾ ಕೇಂದ್ರವಾಗಲಿ ಇರುವುದು ಅಪರೂಪ.

ಬೋರ್ಡು ಕೈಗೆ ಬಂದ ಮೇಲೆ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ, ಅದನ್ನು ಇಡಬೇಕಾದ ಟಿವಿಗೇ ಜೋಡಿಸಿ ನೋಡಬೇಕು. 4ಕೆ 60 ಹರ್ಟ್ಸ್ ಆಯ್ಕೆ ಕಾಣುತ್ತದೆಯೇ, ಎಚ್‌ಡಿಆರ್ ಚಿತ್ರ ಆರಂಭವಾದಾಗ ಟಿವಿ ಅದನ್ನು ಗುರುತಿಸುತ್ತದೆಯೇ, ರಿಸೀವರಿನ ಫಲಕದಲ್ಲಿ ಟ್ರೂಎಚ್‌ಡಿ ಎಂದು ಮೂಡುತ್ತದೆಯೇ ಎಂಬುದರ ಜೊತೆಗೆ 23.976 ಹರ್ಟ್ಸ್ ಸಿಗುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಬಹುಪಾಲು ಸಿನಿಮಾ ಫೈಲುಗಳ ನಿಜವಾದ ವೇಗ 24 ಅಲ್ಲ, 23.976. ಯಂತ್ರ ಸರಿಯಾಗಿ 24ಕ್ಕೇ ಓಡಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಮೂಡಿ, ನಿಧಾನವಾಗಿ ಸರಿಯುವ ದೃಶ್ಯ ಕ್ಷಣಕಾಲ ಎಡವುತ್ತದೆ. 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳಿಗೆ ಈ ದೋಷದ್ದೇ ಕುಖ್ಯಾತಿ ಇತ್ತು. ಈಗಿನ ಯಂತ್ರಾಂಶದಲ್ಲಿ ಅದು ಇಲ್ಲ. ಆದರೆ ಚಿತ್ರದ ವೇಗಕ್ಕೆ ತಕ್ಕಂತೆ ಟಿವಿಯ ಹರ್ಟ್ಸ್ ಬದಲಿಸುವ ಆಯ್ಕೆಯನ್ನು ಕೋಡಿಯಲ್ಲಿ ನಾವೇ ಆನ್ ಮಾಡಿಕೊಳ್ಳಬೇಕು. ಕೊನೆಯದಾಗಿ ಯಂತ್ರವನ್ನು ಒಂದು ರಾತ್ರಿ ಸ್ಲೀಪ್ ಸ್ಥಿತಿಯಲ್ಲಿ ಬಿಟ್ಟು, ಬೆಳಿಗ್ಗೆ ರಿಮೋಟಿನಿಂದ ಎಬ್ಬಿಸಿ, ಚಿತ್ರದೊಡನೆ ಧ್ವನಿಯೂ ಮರಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಲೀಪ್‌ನಿಂದ ಎದ್ದಾಗ ಎಚ್‌ಡಿಎಂಐ ಧ್ವನಿ ಬಾರದ ತೊಂದರೆ ಬಹಳಷ್ಟು ಸಲ ಬಯಾಸ್ ಅಥವಾ ಗ್ರಾಫಿಕ್ಸ್ ಚಾಲಕದ ನವೀಕರಣದಿಂದಲೇ ನೀಗುತ್ತದೆ, ಆಮೇಲೂ ಉಳಿದರೆ ಬೋರ್ಡನ್ನು ಅಂಗಡಿಗೆ ಮರಳಿಸಬಹುದು.